ನಂದಿದುರ್ಗಕ್ಕೆ ಬರುವ ಮೊದಲು ಕಾರ್ನ್‌ವಾಲಿಸ್ ಸೋತ ಯುದ್ಧ

ಚಿಕ್ಕಬಳ್ಳಾಪುರ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಅಮೆರಿಕದ ಸ್ವಾತಂತ್ರ್ಯ ಯುದ್ಧವನ್ನು ಈ ವರ್ಷ ನೀನು ಪಾಠ ಮಾಡಬೇಕಾಗಿದೆಯೆಂದೂ, ಅದರ ನಿರ್ಣಾಯಕ ಗಳಿಗೆ ಯಾವುದೆಂದು ಮಕ್ಕಳಿಗೆ ಹೇಳುವುದೆಂದೂ ಕೇಳಿದ್ದೀಯೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅದು 1777ರ ಅಕ್ಟೋಬರ್‌ನಲ್ಲಿ ಸಾರಟೋಗಾದಲ್ಲಿ ಒದಗಿದ ಗೆಲುವು. ಏಕೆಂದರೆ ಬಂಡೆದ್ದ ವಸಾಹತುಗಳಿಗೆ ಹಡಗುಗಳುಳ್ಳ ಒಬ್ಬ ಮಿತ್ರನನ್ನು ಗಳಿಸಿಕೊಟ್ಟದ್ದು ಆ ಗೆಲುವೇ. ಅಂಥ ಮಿತ್ರನಿಲ್ಲದೆ ಅದೇ ಬ್ರಿಟಿಷ್ ಶತ್ರುವನ್ನು ಎದುರಿಸಿದವರಿಗೆ ಏನಾಯಿತೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ, ನಮ್ಮ ನಂದಿಬೆಟ್ಟದ ಕೋಟೆಯನ್ನು ನೋಡಿದರೆ ಸಾಕು.

ಯುದ್ಧದ ಬೇರು ತೆರಿಗೆಯಲ್ಲಿದೆ. ಫ್ರೆಂಚರೊಡನೆ ನಡೆದ ಏಳು ವರ್ಷಗಳ ಯುದ್ಧದಿಂದ ಬ್ರಿಟನ್ನಿನ ಮೇಲೆ ಸಾಲದ ಹೊರೆ ಬಿದ್ದಿತ್ತು. 1765ರ ಸ್ಟಾಂಪ್ ಕಾಯಿದೆಯ ಮೂಲಕ ಅದರ ಒಂದು ಪಾಲನ್ನು ವಸಾಹತುಗಳ ಮೇಲೆ ಹೊರಿಸಲು ಹೋದಾಗ, ತಮ್ಮ ಪ್ರತಿನಿಧಿಗಳೇ ಇಲ್ಲದ ಸಂಸತ್ತಿಗೆ ತೆರಿಗೆ ಹಾಕುವ ಹಕ್ಕಿಲ್ಲವೆಂದು ಅಲ್ಲಿನ ಜನ ತಿರುಗಿಬಿದ್ದರು. 1773ರ ಡಿಸೆಂಬರ್ 16ರ ರಾತ್ರಿ ಬೋಸ್ಟನ್ ಬಂದರಿನಲ್ಲಿ ನೀರಿಗೆ ಬಿದ್ದ 342 ಪೆಟ್ಟಿಗೆ ಚಹಾ ಯಾರದೆಂಬುದನ್ನು ಮಕ್ಕಳಿಗೆ ತಪ್ಪದೆ ಹೇಳು. ಅದು ಈಸ್ಟ್ ಇಂಡಿಯಾ ಕಂಪನಿಯ ಸರಕು. ಮದರಾಸಿನಲ್ಲಿ ಕುಳಿತು 1767ರಿಂದ 1769ರವರೆಗೆ ಹೈದರಾಲಿಯೊಡನೆ ಮೊದಲ ಮೈಸೂರು ಯುದ್ಧ ಮಾಡಿದ್ದು ಇದೇ ಕಂಪನಿ. ಬೋಸ್ಟನ್ ಬಂದರನ್ನು ಮುಚ್ಚಿಸಿದ ಬ್ರಿಟಿಷ್ ಸರ್ಕಾರದ ಸಿಟ್ಟು ಮತ್ತು ಹಳ್ಳಿಹಳ್ಳಿಗಳಲ್ಲಿ ಸಂಗ್ರಹವಾಗುತ್ತಿದ್ದ ಮದ್ದುಗುಂಡು ಎರಡೂ ಸೇರಿ, 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್‌ಗಳಲ್ಲಿ ಮೊದಲ ಗುಂಡು ಹಾರಿತು.

1776ರ ಜುಲೈ 4ರ ಸ್ವಾತಂತ್ರ್ಯ ಘೋಷಣೆಯನ್ನು ಎಲ್ಲರೂ ಬಲ್ಲರು. ಅದಾದ ಎರಡು ತಿಂಗಳೊಳಗೆ ಆ ಘೋಷಣೆ ಬರಿಯ ಕಾಗದವಾಗಿ ಉಳಿದುಬಿಡುತ್ತಿತ್ತೆಂಬುದನ್ನು ಹೇಳುವವರು ಕಡಿಮೆ. ಆಗಸ್ಟ್ 27ರಂದು ನ್ಯೂಯಾರ್ಕಿನ ಬಳಿಯ ಲಾಂಗ್ ಐಲೆಂಡ್‌ನಲ್ಲಿ ವಾಷಿಂಗ್ಟನ್ನನ ಸೈನ್ಯ ಸೋತಿತು. ಮುಂದೆ ಬ್ರಿಟಿಷ್ ದಂಡು, ಹಿಂದೆ ಈಸ್ಟ್ ರಿವರ್. 29ರ ರಾತ್ರಿ, ದೋಣಿ ನಡೆಸುವುದರಲ್ಲಿ ಪಳಗಿದ ಮಾರ್ಬಲ್‌ಹೆಡ್‌ನ ಬೆಸ್ತರು ಹುಟ್ಟು ಹಾಕಿದ ದೋಣಿಗಳಲ್ಲಿ ಸುಮಾರು 9,000 ಜನ ಸದ್ದಿಲ್ಲದೆ ಹೊಳೆ ದಾಟಿದರು. ಬೆಳಕು ಹರಿದಾಗ ಇನ್ನೂ ಕೆಲವರು ಈಚೆ ದಡದಲ್ಲಿದ್ದರು, ಕವಿದಿದ್ದ ಮಂಜು ಅವರನ್ನು ಕಾಪಾಡಿತು. ಗೆದ್ದ ಕದನಗಳಷ್ಟೇ ಗೌರವದಿಂದ ಈ ಹಿಮ್ಮೆಟ್ಟುವಿಕೆಯನ್ನೂ ಕಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಅಂದು ಆ ಸೈನ್ಯ ಸೆರೆಯಾಗಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ. ಅದೇ ವರ್ಷದ ಕೊನೆಗೆ, ಬಹುಪಾಲು ಸೈನಿಕರ ಸೇವೆಯ ಅವಧಿ ಮುಗಿದು ಅವರು ಮನೆಗೆ ಹೊರಡುವ ಹೊತ್ತಿನಲ್ಲಿ, ಕ್ರಿಸ್ಮಸ್ ರಾತ್ರಿ ಮಂಜುಗಡ್ಡೆ ತೇಲುತ್ತಿದ್ದ ಡೆಲಾವೇರ್ ನದಿಯನ್ನು ಸುಮಾರು 2,400 ಜನರೊಡನೆ ದಾಟಿ ವಾಷಿಂಗ್ಟನ್ ಟ್ರೆಂಟನ್ ಊರಿನ ಮೇಲೆ ಎರಗಿದ. ಬ್ರಿಟಿಷರು ಜರ್ಮನಿಯಿಂದ ಬಾಡಿಗೆಗೆ ತಂದಿದ್ದ ಹೆಸ್ಸಿಯನ್ ಸೈನಿಕರಲ್ಲಿ ಸುಮಾರು 900 ಮಂದಿ ಸೆರೆಸಿಕ್ಕರು. ಚಿಕ್ಕ ಗೆಲುವೇ, ಆದರೆ ಸೈನ್ಯ ಚದುರಿಹೋಗದಂತೆ ತಡೆದ ಗೆಲುವು.

ಇನ್ನು ಸಾರಟೋಗಾ. ಕೆನಡಾದಿಂದ ದಕ್ಷಿಣಕ್ಕಿಳಿದು ಹಡ್ಸನ್ ಕಣಿವೆಯನ್ನು ಹಿಡಿದರೆ ನ್ಯೂ ಇಂಗ್ಲೆಂಡನ್ನು ಉಳಿದ ವಸಾಹತುಗಳಿಂದ ಕತ್ತರಿಸಬಹುದೆಂದು ಬ್ರಿಟಿಷರ ಜನರಲ್ ಬರ್ಗಾಯ್ನ್ ಲೆಕ್ಕ ಹಾಕಿದ್ದ. ಆದರೆ ನ್ಯೂಯಾರ್ಕಿನಲ್ಲಿದ್ದ ಜನರಲ್ ಹೌ ಅವನತ್ತ ಬರುವ ಬದಲು ಫಿಲಡೆಲ್ಫಿಯಾವನ್ನು ಹಿಡಿಯಲು ಹೊರಟುಹೋದ. ಕಾಡಿನ ದಾರಿಯಲ್ಲಿ ಆಹಾರ ಸಾಲದೆ, ಎರಡು ಕದನಗಳಲ್ಲಿ ಸೊರಗಿದ ಬರ್ಗಾಯ್ನ್ ಅಕ್ಟೋಬರ್ 17ರಂದು ಸುಮಾರು 6,000 ಜನರೊಡನೆ ಶರಣಾದ. ಆ ಸುದ್ದಿ ಪ್ಯಾರಿಸ್ಸಿನಲ್ಲಿದ್ದ ಅಮೆರಿಕದ ರಾಯಭಾರಿ ಬೆಂಜಮಿನ್ ಫ್ರಾಂಕ್ಲಿನ್‌ಗೆ ತಲುಪಿತು. 1778ರ ಫೆಬ್ರವರಿ 6ರಂದು ಫ್ರಾನ್ಸ್ ಅಮೆರಿಕದೊಡನೆ ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿತು. ಅದೇ ಚಳಿಗಾಲದಲ್ಲಿ ವ್ಯಾಲಿ ಫೋರ್ಜ್ ಶಿಬಿರದಲ್ಲಿ ರೋಗದಿಂದಲೇ ಸುಮಾರು 2,000 ಸೈನಿಕರು ಸತ್ತರು, ಉಳಿದವರಿಗೆ ಪ್ರಷ್ಯಾದಿಂದ ಬಂದ ಸ್ಟ್ಯೂಬೆನ್ ಕವಾಯತು ಕಲಿಸಿದ.

ಗೆಳೆಯಾ, ಇಲ್ಲಿಂದ ಈ ಕಥೆ ನಮ್ಮ ಕಡೆಗೆ ಹರಿಯುತ್ತದೆ, ನೀನು ತಡೆದು ನಿಂತು ಹೇಳಬೇಕಾದ ಜಾಗವೇ ಇದು. ಫ್ರಾನ್ಸ್ ಯುದ್ಧಕ್ಕಿಳಿದ ಕಾರಣಕ್ಕೆ ಇಂಗ್ಲಿಷರು ಇಂಡಿಯಾದ ಫ್ರೆಂಚ್ ನೆಲೆಗಳ ಮೇಲೆ ಬಿದ್ದರು. 1778ರಲ್ಲಿ ಪಾಂಡಿಚೇರಿಯನ್ನೂ 1779ರಲ್ಲಿ ಮಾಹೆಯನ್ನೂ ಹಿಡಿದರು. ಹೈದರನಿಗೆ ಹೊರಗಿನಿಂದ ಮದ್ದುಗುಂಡು ಬರುತ್ತಿದ್ದ ಬಂದರು ಮಾಹೆ. ಅದನ್ನು ಮುಟ್ಟಬೇಡಿರೆಂಬ ಅವನ ಮಾತನ್ನು ಕಂಪನಿ ಲೆಕ್ಕಿಸಲಿಲ್ಲ. ಬೂದಿಕೋಟೆಯಲ್ಲಿ ಹುಟ್ಟಿದ, ತಂದೆಯ ಸಮಾಧಿಯನ್ನು ಕೋಲಾರದಲ್ಲಿ ಉಳ್ಳ ಹೈದರ್ 1780ರಲ್ಲಿ ಮದರಾಸಿನ ಸುತ್ತಲಿನ ಕರ್ನಾಟಿಕ್ ಪ್ರಾಂತಕ್ಕೆ ಇಳಿದ, ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕಂಪನಿಯ ಕರ್ನಲ್ ಬೇಲಿಯ ಪಡೆಯನ್ನು ಟಿಪ್ಪುವಿನೊಡನೆ ಸೇರಿ ನುಚ್ಚುನೂರು ಮಾಡಿದ. ಆ ಸುದ್ದಿ ಅಮೆರಿಕಕ್ಕೂ ಮುಟ್ಟಿತು. ಪೆನ್ಸಿಲ್ವೇನಿಯಾದವರು ತಮ್ಮದೊಂದು ಯುದ್ಧನೌಕೆಗೆ ‘ಹೈದರ್ ಅಲಿ’ ಎಂದೇ ಹೆಸರಿಟ್ಟರು. 1782ರ ಏಪ್ರಿಲ್‌ನಲ್ಲಿ ಜೋಶುವಾ ಬಾರ್ನಿಯ ನಾಯಕತ್ವದಲ್ಲಿ ಆ ಹಡಗು ಡೆಲಾವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ನಮ್ಮ ಸೀಮೆಯವನ ಹೆಸರು ಅಷ್ಟು ದೂರದ ನೀರಿನ ಮೇಲೆ ಗೆದ್ದ ಸಂಗತಿ ನನಗೆ ಇಂದಿಗೂ ಹೆಮ್ಮೆ ತರುತ್ತದೆ.

ಅಷ್ಟರಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಅಮೆರಿಕದಲ್ಲಿ ಸೋತಾಗಿತ್ತು. ದಕ್ಷಿಣದ ವಸಾಹತುಗಳಲ್ಲಿ 1780ರ ಆಗಸ್ಟ್‌ನಲ್ಲಿ ಕ್ಯಾಮ್ಡೆನ್‌ನಲ್ಲಿ ಗೆದ್ದ ಅವನು, 1781ರ ಮಾರ್ಚ್‌ನಲ್ಲಿ ಗಿಲ್ಫರ್ಡ್‌ನಲ್ಲಿ ಗೆದ್ದೂ ಕಾಲುಭಾಗ ಸೈನ್ಯವನ್ನು ಕಳೆದುಕೊಂಡು, ಕೊನೆಗೆ ವರ್ಜೀನಿಯಾದ ಯಾರ್ಕ್‌ಟೌನ್ ಬಂದರಿನಲ್ಲಿ ಹಡಗುಗಳ ನೆರವನ್ನು ನಂಬಿ ಕುಳಿತ. ಬಂದದ್ದು ಫ್ರೆಂಚ್ ಹಡಗುಗಳು. ಸೆಪ್ಟೆಂಬರ್ 5ರಂದು ಚೆಸಪೀಕ್ ಕೊಲ್ಲಿಯ ಬಾಯಲ್ಲಿ ಡಿ ಗ್ರಾಸ್ಸನ ನೌಕಾಪಡೆ ಬ್ರಿಟಿಷ್ ಹಡಗುಗಳನ್ನು ಹಿಮ್ಮೆಟ್ಟಿಸಿತು, ನೆಲದ ಕಡೆಯಿಂದ ವಾಷಿಂಗ್ಟನ್ ಮತ್ತು ಫ್ರೆಂಚ್ ಸೇನಾಪತಿ ರೋಶಾಂಬೋ ಮುತ್ತಿಗೆ ಹಾಕಿದರು. ಅಕ್ಟೋಬರ್ 19ರಂದು 7,000ಕ್ಕೂ ಹೆಚ್ಚು ಜನ ಶಸ್ತ್ರ ಕೆಳಗಿಟ್ಟರು. ಕಾರ್ನ್‌ವಾಲಿಸ್ ಅನಾರೋಗ್ಯದ ನೆಪ ಹೇಳಿ ಹೊರಬರಲಿಲ್ಲ, ಕತ್ತಿಯನ್ನು ಜನರಲ್ ಓಹಾರನ ಕೈಯಲ್ಲಿ ಕಳುಹಿಸಿದ.

ಈ ಸ್ವಾತಂತ್ರ್ಯ ಎಲ್ಲರದ್ದೂ ಆಗಲಿಲ್ಲ. 1775ರಲ್ಲಿ ವರ್ಜೀನಿಯಾದ ಬ್ರಿಟಿಷ್ ಗವರ್ನರ್ ಡನ್‌ಮೋರ್, ಬಂಡಾಯಗಾರರ ಗುಲಾಮರು ತನ್ನ ಪಡೆ ಸೇರಿದರೆ ಬಿಡುಗಡೆ ಕೊಡುವೆನೆಂದಾಗ ನೂರಾರು ಜನ ಆ ಕಡೆಗೆ ಓಡಿದರು. ವಾಷಿಂಗ್ಟನ್ನನೂ, ಘೋಷಣೆಯನ್ನು ಬರೆದ ಜೆಫರ್ಸನ್ನನೂ ಗುಲಾಮರ ಒಡೆಯರಾಗಿಯೇ ಉಳಿದರು. 1783ರ ಪ್ಯಾರಿಸ್ ಒಪ್ಪಂದದಲ್ಲಿ ಮೂಲನಿವಾಸಿಗಳ ನೆಲ ಅವರನ್ನು ಒಂದು ಮಾತೂ ಕೇಳದೆ ಕೈಬದಲಾಯಿತು. ಇದನ್ನು ಮರೆಮಾಚಿ ಪಾಠ ಮಾಡಬೇಡ.

ಸೋತ ಕಾರ್ನ್‌ವಾಲಿಸ್‌ನನ್ನು ಲಂಡನ್ ಮೂಲೆಗೆ ತಳ್ಳಲಿಲ್ಲ, 1786ರಲ್ಲಿ ಗವರ್ನರ್ ಜನರಲ್ ಮಾಡಿ ಕಲ್ಕತ್ತಕ್ಕೆ ಕಳುಹಿಸಿತು. ಈ ಬಾರಿ ಅವನು ಒಂಟಿಯಾಗಿ ಬರಲಿಲ್ಲ. ಮರಾಠರನ್ನೂ ನಿಜಾಮನನ್ನೂ ಜೊತೆಗೆ ಕಟ್ಟಿಕೊಂಡು ಟಿಪ್ಪುವಿನ ಮೇಲೆ ಬಂದ. 1791ರಲ್ಲಿ ಕೋಲಾರ, ಹೊಸಕೋಟೆಗಳ ಮೂಲಕ ಸಾಗಿ ಮಾರ್ಚ್ 21ರಂದು ಬೆಂಗಳೂರಿನ ಕೋಟೆಯನ್ನು ಹಿಡಿದ. ನಂದಿದುರ್ಗ ಮಾತ್ರ ಸುಲಭಕ್ಕೆ ಮಣಿಯಲಿಲ್ಲ. ಕಡಿದಾದ ಬೆಟ್ಟದ ಮೇಲೆ ಫಿರಂಗಿಗಳನ್ನು ಎಳೆದೇರಿಸಿ, ವಾರಗಟ್ಟಲೆ ಗೋಡೆ ಒಡೆದು, ಅಕ್ಟೋಬರ್‌ನಲ್ಲಿ ಲಗ್ಗೆ ಹತ್ತಿ ಅದನ್ನು ಹಿಡಿದರು. ಯಾರ್ಕ್‌ಟೌನ್ ನಡೆದು ಆಗ ಸರಿಯಾಗಿ ಹತ್ತು ವರ್ಷ. ಆ ಲಗ್ಗೆಯಲ್ಲಿದ್ದ ಜನರಲ್ ಮೆಡೋಸ್ ಕೂಡ ಅಮೆರಿಕದ ಯುದ್ಧದಲ್ಲಿ ಕಾದಿದವನೇ.

ಟಿಪ್ಪು ಮಿತ್ರನನ್ನು ಹುಡುಕದೆ ಕುಳಿತಿರಲಿಲ್ಲ. ಅವನ ರಾಯಭಾರಿಗಳು 1788ರಲ್ಲಿ ಪ್ಯಾರಿಸ್ಸಿಗೆ ಹೋಗಿ ಹದಿನಾರನೆಯ ಲೂಯಿಯನ್ನು ಕಂಡು, ಉಪಚಾರ ಪಡೆದು, ಸೈನ್ಯದ ಭರವಸೆಯಿಲ್ಲದೆ ಮರಳಿದರು. ಫ್ರಾನ್ಸಿನ ಬೊಕ್ಕಸ ಬರಿದಾಗಿತ್ತು. ಅಮೆರಿಕದ ಯುದ್ಧಕ್ಕೆ ಸುರಿದ ಹಣವೂ ಅದಕ್ಕೊಂದು ಮುಖ್ಯ ಕಾರಣ. ಮರುವರ್ಷ ಅಲ್ಲಿ ಕ್ರಾಂತಿಯೇ ಆಯಿತು. ಹೀಗೆ ಯಾರ್ಕ್‌ಟೌನಿಗೆ ಬಂದ ಹಡಗುಗಳು ನಮ್ಮ ಕಡಲಿಗೆ ಬರಲಿಲ್ಲ, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಒಪ್ಪಿಸಬೇಕಾಯಿತು, ಹಣ ತೀರುವವರೆಗೆ ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸ್‌ನ ಕೈಗೆ ಒತ್ತೆಯಾಗಿ ಕೊಡಬೇಕಾಯಿತು.

ಇಂತಿ ನಿನ್ನ ಗೆಳೆಯ