ನಾಲ್ಕು ಬಾಟಲಿ ಮದ್ದು, ಒಂದು ನೋಟ್‌ಬುಕ್: ಈ ಸಲದ ಹೊರೆಕಾಣಿಕೆ

ಊರ, ಪರವೂರ ಭಕ್ತರಿಗೆ, ಮುಂಬೈ, ಬೆಂಗಳೂರು, ಗಲ್ಫ್‌ನಲ್ಲಿರುವ ನಮ್ಮೂರಿನವರಿಗೆ ಉಡುಪಿಯಿಂದ ನಮಸ್ಕಾರ.

ಈ ವರ್ಷ ನಮ್ಮಲ್ಲಿ ಬ್ರಹ್ಮಕಲಶ ಇಲ್ಲ. ಮಾಡಿನ ರಿಪೇರಿಯೂ ಹೋದ ವರ್ಷವೇ ಮುಗಿದಿದೆ. ಆದರೂ ಹೊರೆಕಾಣಿಕೆ ಕೇಳುತ್ತಿದ್ದೇವೆ. ಅಕ್ಕಿ, ತೆಂಗಿನಕಾಯಿ ಬೇಡ, ಹಣ ಬೇಕು. ಪುಟ್ಟ ಮಕ್ಕಳ ಹೃದಯದ ರಕ್ತನಾಳ ಹಾಳು ಮಾಡುವ ಒಂದು ಜ್ವರದ ಮದ್ದಿಗೆ, ಮತ್ತೆ ಅದರ ಅಧ್ಯಯನಕ್ಕೆ. ದೇವಸ್ಥಾನದ ಟ್ರಸ್ಟಿಗೆ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಹೋದ ಜುಲೈಯಲ್ಲಿ ನಮ್ಮ ಹಿಂದಿನ ಓಣಿಯ ಒಂದು ವರ್ಷ ಎರಡು ತಿಂಗಳ ಮಗುವಿಗೆ ಜ್ವರ ಬಂತು. ಅಪ್ಪ ಮಲ್ಪೆಯಲ್ಲಿ ಬೋಟ್ ಕೆಲಸದವರು. ಜೂನ್ 1ರಿಂದ ಜುಲೈ 31ರವರೆಗೆ ಬೋಟ್ ಕಡಲಿಗೆ ಇಳಿಯುವ ಹಾಗಿಲ್ಲ, ಹಾಗಾಗಿ ಕೈಯಲ್ಲಿ ಕಾಸೂ ಇರಲಿಲ್ಲ. ಮೊದಲ ಕ್ಲಿನಿಕ್‌ನಲ್ಲಿ ವೈರಲ್ ಜ್ವರ ಅಂತ ಸಿರಪ್ ಕೊಟ್ಟರು. ಮೂರನೇ ದಿನ ಕಣ್ಣು ಕೆಂಪಾಯಿತು. ಇನ್ನೊಂದು ಕಡೆ ಕೆಂಗಣ್ಣು ಅಂತ ಡ್ರಾಪ್ಸ್ ಬರೆದರು. ಐದನೇ ದಿನ ಮೈಯೆಲ್ಲ ದದ್ದು. ಮತ್ತೊಂದು ಕಡೆ ಮದ್ದಿನ ಅಲರ್ಜಿ ಅಂದರು. ಅಜ್ಜಿ ದೃಷ್ಟಿ ತೆಗೆದರು. ಇವರಲ್ಲಿ ಯಾರನ್ನೂ ದೂರುವುದಕ್ಕೆ ನನಗೆ ಮನಸ್ಸಿಲ್ಲ. ಒಬ್ಬೊಬ್ಬರಿಗೆ ಕಂಡದ್ದು ಒಂದೊಂದೇ.

ಎಂಟನೇ ದಿನ ಆಸ್ಪತ್ರೆಯ ಮಕ್ಕಳ ವೈದ್ಯೆಯೊಬ್ಬರು ತಾಯಿಯ ಪ್ಲಾಸ್ಟಿಕ್ ಕವರಿನಿಂದ ಆ ಮೂರು ಚೀಟಿಗಳನ್ನು ತೆಗೆದು ಹಾಸಿಗೆಯ ಮೇಲೆ ಸಾಲಾಗಿ ಇಟ್ಟರು. ಆಮೇಲೆ ಮಗುವಿನ ಅಂಗಿಯ ತೋಳು ಸರಿಸಿ ನೋಡಿದರು. ಹುಟ್ಟಿದಾಗ ಬಿಸಿಜಿ, ಅಂದರೆ ಕ್ಷಯದ ಲಸಿಕೆ, ಚುಚ್ಚಿದ ಜಾಗ ಕೆಂಪಾಗಿ ಉಬ್ಬಿತ್ತು. ತುಟಿ ಒಡೆದಿತ್ತು, ಅಂಗೈ ಊದಿತ್ತು. ಆಗ ಅವರ ಬಾಯಿಂದ ಬಂದ ಹೆಸರು ಕವಾಸಕಿ.

"ಅದು ಬೈಕ್ ಅಲ್ವಾ?" ಅಂತ ಆ ಅಪ್ಪ ಕೇಳಿದರಂತೆ. ನನಗೂ ಬೈಕೇ ನೆನಪಾಗಿತ್ತು. ಇದು ಜಪಾನಿನ ಮಕ್ಕಳ ವೈದ್ಯ ಡಾ. ತೊಮಿಸಾಕು ಕವಾಸಕಿ ಅವರ ಹೆಸರು. 1961ರಲ್ಲಿ ಅವರು ಟೋಕಿಯೋದಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗನನ್ನು ನೋಡಿದರು. ಇದೇ ಜ್ವರ, ಇದೇ ಕಣ್ಣು, ಇದೇ ದದ್ದು. ಯಾವ ಪುಸ್ತಕದ ರೋಗಕ್ಕೂ ಅದು ಹೊಂದಲಿಲ್ಲ. ಅವರು ಬರೆದಿಟ್ಟುಕೊಂಡರು. ಮತ್ತೊಂದು ಮಗು ಬಂದಾಗ ಅದನ್ನೂ ಬರೆದರು. ಹೀಗೆ 50 ಮಕ್ಕಳ ವಿವರ ಕೂಡಿದ ಮೇಲೆ 1967ರಲ್ಲಿ ಪ್ರಕಟಿಸಿದರು.

ಇದು ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಕಾರಣ ಇನ್ನೂ ಪತ್ತೆಯಾಗಿಲ್ಲ. ಯಾವುದೋ ಸೋಂಕು ಕಿಡಿ ಹಚ್ಚುತ್ತದೆ, ಕೆಲವು ಮಕ್ಕಳಲ್ಲಿ ಮೈಯ ರಕ್ಷಣಾ ಶಕ್ತಿ ಅತಿಯಾಗಿ ಕೆರಳಿ ತನ್ನದೇ ರಕ್ತನಾಳದ ಮೇಲೆ ಬೀಳುತ್ತದೆ ಅನ್ನುವುದು ವೈದ್ಯರ ಊಹೆ. 2020ರಲ್ಲಿ ಕೋವಿಡ್ ಬಂದು ಹೋದ ಕೆಲವು ವಾರಗಳ ಮೇಲೆ ಕೆಲವು ಮಕ್ಕಳು ಹೀಗೇ ಜ್ವರ, ದದ್ದು, ಕೆಂಪು ಕಣ್ಣಿನಿಂದ ಆಸ್ಪತ್ರೆ ಸೇರಿದ್ದು ನಿಮಗೆ ನೆನಪಿರಬಹುದು. ಅದು ಬೇರೆ ಕಾಯಿಲೆ, ಆದರೆ ಇದರ ಹತ್ತಿರದ ನೆಂಟ.

ಹೆದರಿಕೆ ಇರುವುದು ಜ್ವರದ ಬಗ್ಗೆ ಅಲ್ಲ. ಜ್ವರ ತಾನಾಗಿಯೂ ಇಳಿಯುತ್ತದೆ. ಹೃದಯಕ್ಕೇ ರಕ್ತ ಕೊಡುವ ಕೊರೊನರಿ ನಾಳಗಳು ಇಷ್ಟು ಸಣ್ಣ ಮಗುವಿನಲ್ಲಿ ಸುಮಾರು 2 ಮಿಲಿಮೀಟರ್ ಅಗಲ, ಅಂದರೆ ಬಾಲ್‌ಪೆನ್ನಿನ ರೀಫಿಲ್‌ಗಿಂತಲೂ ಸಪೂರ. ಈ ಕಾಯಿಲೆಯಲ್ಲಿ ನಾಳದ ಗೋಡೆ ಸಡಿಲಾಗಿ, ಹಳೆ ಸೈಕಲ್ ಟ್ಯೂಬ್ ಒಂದು ಕಡೆ ಉಬ್ಬಿದ ಹಾಗೆ ಉಬ್ಬುತ್ತದೆ. ಕೆಲವು ಮಕ್ಕಳಲ್ಲಿ 8 ಮಿಲಿಮೀಟರ್ ದಾಟುವುದೂ ಉಂಟು. ಅಲ್ಲಿ ರಕ್ತ ಹೆಪ್ಪುಗಟ್ಟಿದರೆ ಮಗುವಿಗೂ ಹೃದಯಾಘಾತ ಆಗಬಹುದು. ಚಿಕ್ಕಂದಿನಲ್ಲಿ ಉಬ್ಬಿದ ನಾಳ ಇಪ್ಪತ್ತೈದು, ಮೂವತ್ತರ ಪ್ರಾಯದಲ್ಲಿ ತೊಂದರೆ ಕೊಟ್ಟ ಉದಾಹರಣೆಗಳೂ ಇವೆ.

ಚಿಕಿತ್ಸೆ ಇಲ್ಲದಿದ್ದರೆ 100 ಮಕ್ಕಳಲ್ಲಿ ಸುಮಾರು 25 ಮಕ್ಕಳ ನಾಳಕ್ಕೆ ಪೆಟ್ಟು ಬೀಳುತ್ತದೆ. ಜ್ವರ ಶುರುವಾದ ಹತ್ತು ದಿನದೊಳಗೆ ಇಮ್ಯುನೋಗ್ಲೋಬ್ಯುಲಿನ್ ಅನ್ನುವ, ರಕ್ತದಲ್ಲಿರುವ ರಕ್ಷಣಾ ಪ್ರೋಟೀನಿನ ಡ್ರಿಪ್ ಹಾಕಿದರೆ ಆ ಲೆಕ್ಕ ನಾಲ್ಕೈದಕ್ಕೆ ಇಳಿಯುತ್ತದೆ. ಇದೂ ಹೀಗೇ ಒಂದು ಸಂಶೋಧನೆಯಿಂದ, 1980ರ ದಶಕದಲ್ಲಿ ಗೊತ್ತಾದದ್ದು. ಈ ಮದ್ದು ಕಾರ್ಖಾನೆಯಲ್ಲಿ ಸುಮ್ನೆ ಪುಡಿ ಬೆರೆಸಿ ಆಗುವಂಥದ್ದಲ್ಲ. ಸಾವಿರಾರು ದಾನಿಗಳ ಪ್ಲಾಸ್ಮಾದಿಂದ, ಅಂದರೆ ರಕ್ತದ ದ್ರವ ಭಾಗದಿಂದ, ತೆಗೆಯಬೇಕು, ಅದಕ್ಕೇ ದುಬಾರಿ. ಮಗುವಿನ ತೂಕದ ಒಂದೊಂದು ಕಿಲೋಗೆ 2 ಗ್ರಾಂ. ನಮ್ಮ ಓಣಿಯ ಮಗು 10 ಕಿಲೋ ಇತ್ತು. 5 ಗ್ರಾಮಿನ ನಾಲ್ಕು ಬಾಟಲಿ ಬೇಕಾಯಿತು. ಆವತ್ತು ಭಾನುವಾರ. ಕರಿಮಣಿ ಅಡವಿಡಲು ಹೋದರೆ ಸೊಸೈಟಿ ಬಾಗಿಲು ಹಾಕಿತ್ತು. ಬೋಟಿನ ಮಾಲಕರು ಅರ್ಧ ಕೊಟ್ಟರು, ಉಳಿದದ್ದನ್ನು ನಾವು ನಾಲ್ಕೈದು ಮನೆಯವರು ಸೇರಿಸಿದೆವು. ಒಂಬತ್ತನೇ ದಿನ ರಾತ್ರಿ ಡ್ರಿಪ್ ಶುರುವಾಯಿತು. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗ್‌ನಲ್ಲಿ, ಒಂದು ನಾಳ ಸ್ವಲ್ಪ ಅಗಲವಾಗಿತ್ತು. ಆರು ವಾರದ ಮೇಲೆ ನೋಡಿದಾಗ ಸರಿಯಾಗಿತ್ತು.

ಆ ಭಾನುವಾರದ ಓಡಾಟ ಇನ್ನೊಂದು ಮನೆಗೆ ಬೇಡ ಅಂತ ನಮ್ಮ ಸಮಿತಿ ಒಂದು ನಿಧಿ ಇಡಲು ಹೊರಟಿದೆ. ಬೇಕಾದ ದಿನವೇ ಆಸ್ಪತ್ರೆಯ ಮದ್ದಿನ ಅಂಗಡಿಗೆ ನೇರವಾಗಿ ಹಣ ಹೋಗಬೇಕು. ಸರ್ಕಾರದ ಆರೋಗ್ಯ ಕಾರ್ಡ್‌ನಿಂದ ಆಗುವುದಾದರೆ ಮೊದಲು ಅದನ್ನೇ ನೋಡುತ್ತೇವೆ. ಜಾತಿ, ಧರ್ಮ, ಊರು ಕೇಳುವುದಿಲ್ಲ. ಇದಕ್ಕೆ ಸಮಿತಿಯಲ್ಲಿ ಯಾರೂ ತಕರಾರು ಮಾಡಲಿಲ್ಲ.

ತಕರಾರು ಬಂದದ್ದು ಎರಡನೇ ವಿಷಯಕ್ಕೆ. ಜಿಲ್ಲೆಯ ಕೆಲವು ಮಕ್ಕಳ ವೈದ್ಯರು ಸೇರಿ ಇಂಥ ಮಕ್ಕಳ ವಿವರವನ್ನು ಒಂದೇ ಕಡೆ ಬರೆದಿಡಲು ಶುರು ಮಾಡಿದ್ದಾರೆ. ಜ್ವರ ಬಂದ ತಿಂಗಳು, ಮೊದಲು ಕಂಡ ಲಕ್ಷಣ, ಎಷ್ಟನೇ ದಿನ ಗೊತ್ತಾಯಿತು, ಎಕೋದ ಅಳತೆ. ಮನೆಯವರು ಒಪ್ಪಿ ಸಹಿ ಮಾಡಿದರೆ ಸ್ವಲ್ಪ ರಕ್ತವನ್ನೂ ಮುಂದಿನ ಪರೀಕ್ಷೆಗಳಿಗೆ ಫ್ರೀಜರ್‌ನಲ್ಲಿ ಇಡುತ್ತಾರೆ. ಮಕ್ಕಳ ಹೆಸರು ಎಲ್ಲೂ ಹೊರಗೆ ಬರುವುದಿಲ್ಲ. ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ ಆಗಿದೆ. ಇದಕ್ಕೆ ಒಬ್ಬ ನರ್ಸ್ ಬೇಕು. ಮನೆಗಳಿಗೆ ಫೋನ್ ಮಾಡಬೇಕು, ಎರಡನೇ ವಾರದ, ಆರನೇ ವಾರದ ಎಕೋಗೆ ನೆನಪು ಮಾಡಬೇಕು. ಜ್ವರ ಬಿಟ್ಟು ಮಗು ಆಡತೊಡಗಿದರೆ ಎಕೋ ಯಾರಿಗೆ ನೆನಪಿರುತ್ತದೆ? ಬೈಂದೂರಿನಿಂದ ಬಸ್ ಹಿಡಿದು ಬರಲು ಅರ್ಧ ದಿನದ ಕೂಲಿಯೂ ಹೋಗುತ್ತದೆ.

"ಅಲ್ಲ ಮಾರಾಯ್ರೆ, ಮದ್ದಿಗೆ ಕೊಡುವ. ಬರೆದಿಡುವುದಕ್ಕೆಲ್ಲ ಸಂಬಳ ಯಾಕೆ?" ಅಂತ ನಮ್ಮ ಹಿರಿಯ ಟ್ರಸ್ಟಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆಗ ಮಗುವಿನ ತಾಯಿ ಆ ಮೂರು ಚೀಟಿಗಳನ್ನು ತಂದು ಸಭೆಯ ಮೇಜಿನ ಮೇಲೆ ಇಟ್ಟರು. ಮಾತು ಏನೂ ಆಡಲಿಲ್ಲ. ಹಿರಿಯರು ಕನ್ನಡಕ ಹಾಕಿ ಮೂರನ್ನೂ ಓದಿದರು. ಪಟ್ಟಿಯಲ್ಲಿ ಮೊದಲ ಹೆಸರು ಈಗ ಅವರದ್ದೇ, 10,000 ರೂಪಾಯಿ.

ಈ ವರ್ಷಕ್ಕೆ ನಮಗೆ 8 ಲಕ್ಷ ರೂಪಾಯಿ ಬೇಕು. ಅದರಲ್ಲಿ 5 ಲಕ್ಷ ಮದ್ದಿನ ನಿಧಿಗೆ. ತಿಂಗಳಿಗೆ 20,000ದ ಹಾಗೆ 2 ಲಕ್ಷ 40 ಸಾವಿರ ನರ್ಸ್ ಸಂಬಳಕ್ಕೆ. ಉಳಿದ 60,000 ಮನೆಯವರ ಬಸ್ ಖರ್ಚು, ರಕ್ತದ ಟ್ಯೂಬು, ಫ್ರೀಜರಿನ ಬ್ಯಾಟರಿಗೆ. ಫ್ರೀಜರ್ ವೈದ್ಯರ ಹತ್ತಿರವೇ ಇದೆ, ಮೈನಸ್ 80 ಡಿಗ್ರಿಯದು. ಆದರೆ ನಮ್ಮ ಮಳೆಗಾಲ ಗೊತ್ತಲ್ಲ, ಒಂದು ತೆಂಗಿನ ಮಡಲು ಲೈನಿನ ಮೇಲೆ ಬಿದ್ದರೆ ಕರೆಂಟು ಹೋಯಿತು. ನಿಮ್ಮ ಹಣ ಯಾವುದಕ್ಕೆ ಹೋಗಬೇಕು ಅಂತ ನೀವೇ ಹೇಳಬಹುದು. ಮದ್ದಿಗೆ ಕೊಟ್ಟದ್ದನ್ನು ಸಂಬಳಕ್ಕೆ ತಿರುಗಿಸುವುದಿಲ್ಲ. ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ದೇವಸ್ಥಾನದ ಬೋರ್ಡಿಗೆ ಹಾಕುತ್ತೇವೆ.

ಹಣ ಕೊಡಲು ಆಗದವರು ಇಷ್ಟು ಮಾಡಿ. ಮಗುವಿಗೆ ಐದು ದಿನವಾದರೂ ಜ್ವರ ಇಳಿಯದೆ, ಗೀಜು ಇಲ್ಲದೆ ಕಣ್ಣು ಕೆಂಪಾಗಿ, ತುಟಿ ನಾಲಿಗೆ ಕೆಂಪೇರಿ, ದದ್ದು ಬಂದು, ಕೈಕಾಲು ಊದಿದರೆ ಮಕ್ಕಳ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಹಳೆ ಚೀಟಿಗಳನ್ನೆಲ್ಲ ತೆಗೆದುಕೊಂಡು ಹೋಗಿ. ಎಲ್ಲ ಲಕ್ಷಣಗಳೂ ಒಟ್ಟಿಗೆ ಬರಬೇಕೆಂದಿಲ್ಲ, ಒಂದು ವರ್ಷದೊಳಗಿನ ಮಕ್ಕಳಲ್ಲಂತೂ ಎರಡು ಮೂರೇ ಕಾಣಬಹುದು.

ದೇಣಿಗೆಯನ್ನು ದೇವಸ್ಥಾನದ ಸೇವಾ ಕೌಂಟರಿನಲ್ಲಿ ಕೊಡಬಹುದು. ಅಲ್ಲೇ ಕ್ಯೂಆರ್ ಕೋಡ್ ಕೂಡ ಇದೆ. ನಗದಾಗಿ 2,000 ರೂಪಾಯಿಗಿಂತ ಜಾಸ್ತಿ ಕೊಟ್ಟರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಹಾಗಾಗಿ ದೊಡ್ಡ ಮೊತ್ತವನ್ನು ಚೆಕ್ ಅಥವಾ ಬ್ಯಾಂಕ್ ಮೂಲಕ ಕಳಿಸಿ. ಕೌಂಟರ್ ಬೆಳಿಗ್ಗೆ 8ರಿಂದ ಮಧ್ಯಾಹ್ನದ ಮಹಾಪೂಜೆವರೆಗೆ ತೆರೆದಿರುತ್ತದೆ. ಪೂಜೆ ಮುಗಿದ ಮೇಲೆ ಬಂದರೆ ರಶೀದಿ ಬರೆಯುವವರು ಊಟಕ್ಕೆ ಕೂತಿರುತ್ತಾರೆ. ನೀವೂ ಕೂತು ಊಟ ಮಾಡಿ, ಆಮೇಲೆ ಬರೆಸಿಕೊಳ್ಳಿ.