ಹಸ್ತ ಮಳೆ ಹುಯ್ದ ಮಾರನೇ ದಿನ ಬನ್ನಿ: ತುಮಕೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ನಾನು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೆಂಗು ಬೆಳೆಗಾರ. ನಮ್ಮ ತೋಟದ ಮೇಲುಗಡೆ ಕಬ್ಬಿಣದ ಅದಿರಿನ ಗಣಿ ಇದೆ. ಅಗೆದ ಗುಡ್ಡದಲ್ಲಿ ಮಣ್ಣು ನಿಲ್ಲಿಸಿ ಮತ್ತೆ ಹಸಿರು ಮಾಡುವ ಪುನಶ್ಚೇತನ ಯೋಜನೆ ಪರಿಶೀಲನೆಗೆ ಬಂದಿದೆ ಅಂತ ಕೇಳಿದೆ. ಅದಕ್ಕೇ ಈ ಪತ್ರ.

ಹೋದ ವರ್ಷ ಹಸ್ತ ಮಳೆ ಒಂದು ರಾತ್ರಿಯೆಲ್ಲ ಹುಯ್ದಿತು. ಬೆಳಿಗ್ಗೆ ತೋಟಕ್ಕೆ ಹೋದರೆ ಮರದ ಪಾತಿಗಳೇ ಕಾಣಲಿಲ್ಲ. ಗಣಿಯವರು ಅಗೆದು ಬೇಡವೆಂದು ಮೇಲೆ ಸುರಿದಿದ್ದ ಮಣ್ಣಿನ ಗುಡ್ಡೆ, ಅಂದರೆ ಡಂಪು, ಕೊರೆದುಕೊಂಡು ಹಳ್ಳದಲ್ಲಿ ಇಳಿದಿತ್ತು. ಕೆಂಪು ಕೆಸರಿಗೆ ಕೈ ಹಾಕಿದರೆ ಮೊಣಕೈವರೆಗೂ ಹೋಯಿತು. ಒಣಗಿದ ಮೇಲೆ ಅದೇ ಕೆಸರು ಹಂಚಿನ ಹಾಗೆ ಗಟ್ಟಿ. ನೀರು ಬಿಟ್ಟರೆ ಮೇಲೇ ನಿಲ್ಲುತ್ತದೆ, ಬೇರಿಗೆ ಇಳಿಯುವುದಿಲ್ಲ. ಎರಡು ಮರ ಸುಳಿ ಒಣಗಿ ಹೋದವು. ನಮ್ಮಪ್ಪ ನೆಟ್ಟ ಮರಗಳು.

ಆ ಕೆಸರಿನಲ್ಲಿ ಒಂದು ಹೊಂಗೆ ಸಸಿಯೂ ಬಂದಿತ್ತು. ಬೇರಿಗೆ ಕಪ್ಪು ಪ್ಲಾಸ್ಟಿಕ್ ಚೀಲ ಹಾಗೇ ಇತ್ತು. ಡಂಪಿನ ಮೇಲೆ ನೆಡುವಾಗ ಗಣಿಯವರು ಚೀಲ ಬಿಚ್ಚದೆ ಗುಂಡಿಗೆ ಇಟ್ಟಿದ್ದಾರೆ. ವರದಿಯಲ್ಲಿ ಅದೂ ಒಂದು ನೆಟ್ಟ ಗಿಡ ಅಂತಲೇ ಲೆಕ್ಕ ಅಲ್ವಾ? ನಾನು ಚೀಲ ಕಿತ್ತು ನಮ್ಮ ಬದುವಿನಲ್ಲಿ ನೆಟ್ಟೆ. ಚಿಗುರಿದೆ.

ಈ ಯೋಜನೆಗಳು ಸುಮ್ನೆ ಬಂದವಲ್ಲ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಹಿಂದೆಯೇ ತುಮಕೂರು, ಚಿತ್ರದುರ್ಗದ ಗಣಿಗಳನ್ನೂ ನಿಲ್ಲಿಸಿತು. ಮತ್ತೆ ಶುರು ಮಾಡಬೇಕಾದರೆ ಒಂದೊಂದು ಗಣಿಗೂ ಪುನಶ್ಚೇತನ ಯೋಜನೆ ಇರಲೇಬೇಕು ಅಂತ ಷರತ್ತು ಹಾಕಿತು. ಡಂಪನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಬುಡಕ್ಕೆ ತಡೆಗೋಡೆ, ಸುತ್ತ ಕಾಲುವೆ, ಹಳ್ಳಕ್ಕೆ ಚೆಕ್ ಡ್ಯಾಂ ಬೇಕು. ಇಳಿಜಾರಿಗೆ ತೆಂಗಿನ ನಾರಿನ ಚಾಪೆ ಹಾಸಿದರೆ ಹುಲ್ಲು ಬೇರು ಬಿಡುವವರೆಗೂ ಮಣ್ಣನ್ನು ಹಿಡಿದಿಡುತ್ತದೆ, ಆಮೇಲೆ ತಾನೇ ಕೊಳೆತು ಗೊಬ್ಬರವಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ನಾರಿಗೇನು ಬರವೇ?

ನಮ್ಮ ಕಡೆ ಪರಿಶೀಲನೆಯ ಜೀಪು ಬರುವುದು ಬೇಸಿಗೆಯಲ್ಲಿ. ಆಗ ಎಂಥ ಡಂಪೂ ಗಟ್ಟಿಯಾಗಿಯೇ ಕಾಣುತ್ತದೆ. ಕಾಲುವೆ ಹೂತಿದೆಯೋ ಇಲ್ಲವೋ ಗೊತ್ತಾಗುವುದು ಮಳೆ ಬಿದ್ದಾಗ. ಬಂದವರು ಮೇಲೇ ಸುತ್ತಾಡಿ ಹೋಗುತ್ತಾರೆ. ಕೆಳಗೆ ಹಳ್ಳದ ದಡದಲ್ಲಿ ಇರುವವರನ್ನು ಇದುವರೆಗೆ ಯಾರೂ ಮಾತಾಡಿಸಿಲ್ಲ.

ಗಣಿ ಯೋಜನೆಗೆ ಒಪ್ಪಿಗೆ ಕೊಡುವುದು ಭಾರತೀಯ ಗಣಿ ಬ್ಯೂರೋ ಅಂತ ನನಗೆ ಗೊತ್ತು. ಆದರೂ ಜಿಲ್ಲೆಯ ಪರವಾಗಿ ನೀವು ಬರೆದ ಮಾತಿಗೆ ತೂಕ ಇದೆ. ದಯವಿಟ್ಟು ಬರೆಯಿರಿ. ಯೋಜನೆಯ ಪ್ರತಿ ಕನ್ನಡದಲ್ಲಿ ನಮ್ಮ ಪಂಚಾಯಿತಿಗೆ ಬರಲಿ, ಗ್ರಾಮಸಭೆಯಲ್ಲಿ ಓದಲಿ. ಹಳ್ಳ ಎತ್ತ ತಿರುಗುತ್ತದೆ, ಎಲ್ಲಿ ಒಡೆಯುತ್ತದೆ ಅನ್ನುವುದು ನಕ್ಷೆ ಬರೆದವರಿಗಿಂತ ನಮಗೆ ಜಾಸ್ತಿ ಗೊತ್ತು. ಇನ್ನು ಗಣಿ ಮುಚ್ಚುವ ಕೆಲಸಕ್ಕೆ ಗಣಿಯವರು ಗ್ಯಾರಂಟಿಯಾಗಿ ಇಡುವ ಹಣ. 2017ರ ಖನಿಜ ಸಂರಕ್ಷಣೆ ನಿಯಮಗಳಲ್ಲೇ ಅದು ಇದೆ. ಆ ಗೋಡೆ, ಆ ಕಾಲುವೆ ಒಂದು ಪೂರ್ತಿ ಮಳೆಗಾಲ ತಡೆದು ನಿಂತಿದ್ದನ್ನು ಕಣ್ಣಾರೆ ನೋಡದೆ ಆ ಹಣ ಬಿಡಬಾರದು.

ಈ ಸಲ ಹಸ್ತ ಮಳೆ ಹುಯ್ದ ಮಾರನೇ ದಿನ ನೀವೇ ಬನ್ನಿ. ಲಾರಿ ರಸ್ತೆ ಬಿಟ್ಟು ಹಳ್ಳದ ಕಡೆಯಿಂದ ಹತ್ತಿ. ಕಾಲು ಜಾರುತ್ತದೆ, ಒಂದು ಕೋಲು ಇರಲಿ. ದಾರಿ ತೋರಿಸಲು ನಾನು ಜೊತೆಗೆ ಬರುತ್ತೇನೆ.

ಇಂತಿ ನಮಸ್ಕಾರಗಳು,
ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಬ್ಬ ತೆಂಗು ಬೆಳೆಗಾರ