ಲೆಕ್ಕ ಮೊದಲು, ಪಾಠ ಆಮೇಲೆ: ಪಠ್ಯ ಬರೆಯಹೊರಟ ತಂಗಿಗೊಂದು ಪತ್ರ

ಪ್ರೀತಿಯ ತಂಗಿ,

ನಿನ್ನ ಹಸ್ತಪ್ರತಿ ತಲುಪಿತು. ಒಂಬತ್ತನೇ ತರಗತಿಯ ‘ಕೆಲಸ ಮತ್ತು ಶಕ್ತಿ’ಗೆ ಪೂರಕ ಪಾಠ, 38 ಪುಟ. ಜೊತೆಗೆ ಎರಡೂವರೆ ಪುಟದ ಕಾಗದ. ಪ್ರಕಾಶಕರನ್ನು ಹೇಗೆ ಹುಡುಕಲಿ, ರಾಯಲ್ಟಿ ಎಷ್ಟು ಕೇಳಲಿ, ಮುನ್ನುಡಿ ಯಾರಿಂದ ಬರೆಸಲಿ ಎಂದೆಲ್ಲ ಕೇಳಿ, ಕೊನೆಗೆ ‘ಭಾಷೆ ಸರಳವಾಗಿಲ್ಲ ಅಂತ ಪರಿಶೀಲಕರು ವಾಪಸ್ ಕಳಿಸಿದ್ದಾರೆ, ಬರೆಯುವುದನ್ನೇ ಬಿಟ್ಟುಬಿಡಲಾ?’ ಅಂದಿದ್ದೀಯ.

ಬಿಡಬೇಡ. ಅವರು ಕೊಟ್ಟ ಕಾರಣವೇ ತಪ್ಪು. ನಿನ್ನ ಭಾಷೆಗೆ ಏನೂ ಆಗಿಲ್ಲ. ಕೆಟ್ಟಿರುವುದು ಕೊನೆಯ ನಾಲ್ಕು ಪುಟ, ಅಭ್ಯಾಸದ ಲೆಕ್ಕಗಳು. ಅವನ್ನು ಅವರು ಓದಿಯೇ ಇರಲಿಕ್ಕಿಲ್ಲ. ಪಠ್ಯ ಪರಿಶೀಲಿಸುವವರಲ್ಲಿ ಬಹಳ ಮಂದಿ ಅಭ್ಯಾಸದ ಪುಟ ಬಂದ ಕೂಡಲೇ ಹಾಳೆ ಮಗುಚುತ್ತಾರೆ. ಕಾಗುಣಿತ ತಿದ್ದುತ್ತಾರೆ, ‘ಶೈಲಿ ಸರಳ’ ಅಥವಾ ‘ಕ್ಲಿಷ್ಟ’ ಅಂತ ಬರೆದು ಸಹಿ ಹಾಕುತ್ತಾರೆ. ಪೆನ್ನು ಹಿಡಿದು ಒಂದೇ ಒಂದು ಲೆಕ್ಕ ಬಿಡಿಸುವುದಿಲ್ಲ. ಈ ಸಿಟ್ಟು ನನ್ನಲ್ಲಿ ಹಳೆಯದು. ಪತ್ರದ ತುಂಬ ಅದೇ ಇರುತ್ತದೆ, ಸಹಿಸಿಕೋ.

ಮಿಕ್ಕ ಪ್ರಶ್ನೆಗಳಿಗೆ ಒಂದೇ ಉಸಿರಿನಲ್ಲಿ ಉತ್ತರ. ಒಪ್ಪಂದದಲ್ಲಿ ಅವಧಿ, ಪ್ರದೇಶ, ರಾಯಲ್ಟಿ ಮೂರೂ ಬರವಣಿಗೆಯಲ್ಲಿ ಇರಲಿ. ಅವಧಿ ಬರೆಯದಿದ್ದರೆ ಹಕ್ಕು ಕೊಟ್ಟದ್ದು ಐದು ವರ್ಷಕ್ಕೆ, ಪ್ರದೇಶ ಬರೆಯದಿದ್ದರೆ ಭಾರತದ ಮಟ್ಟಿಗೆ ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಹೇಳುತ್ತದೆ. ಮುನ್ನುಡಿ ನೀನೇ ಬರಿ. ಆಯಿತಾ?

ಈಗ ನಿನ್ನ 14ನೇ ಲೆಕ್ಕಕ್ಕೆ ಬಾ. ‘20 ಮೀಟರ್ ಆಳದ ಬಾವಿಯಿಂದ 1000 ಲೀಟರ್ ನೀರನ್ನು 1 ಅಶ್ವಶಕ್ತಿಯ ಮೋಟಾರು ಎಷ್ಟು ಹೊತ್ತಿನಲ್ಲಿ ಮೇಲೆತ್ತುತ್ತದೆ?’ ಉತ್ತರದ ಪುಟದಲ್ಲಿ 4.47 ನಿಮಿಷ ಎಂದಿದೆ. ಪಾಠದಲ್ಲಿ ಗುರುತ್ವ ವೇಗೋತ್ಕರ್ಷವನ್ನು (ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎಂಬುದನ್ನು) 9.8 ಎಂದು ಹೇಳಿಕೊಟ್ಟು, ಉತ್ತರ ತೆಗೆಯುವಾಗ ನೀನು 10 ಹಿಡಿದಿದ್ದೀಯ. 9.8 ಹಿಡಿದ ಮಗುವಿಗೆ ಬರುವುದು 1,96,000 ಜೂಲ್. 746 ವ್ಯಾಟಿನಿಂದ ಭಾಗಿಸಿದರೆ 263 ಸೆಕೆಂಡು, ಅಂದರೆ 4.38 ನಿಮಿಷ. ಅದು ಸರಿ ಉತ್ತರ. ಆದರೆ ಪುಸ್ತಕದ ಹಿಂದೆ ಬೇರೆ ಇದೆ. ಟ್ಯೂಷನ್ನಿಗೆ ಹೋಗುವ ಮಗು ಮೇಷ್ಟ್ರನ್ನು ಕೇಳುತ್ತದೆ. ಕೇಳಲು ಯಾರೂ ಇಲ್ಲದ ಮಗು ತಾನೇ ದಡ್ಡ ಅಂದುಕೊಂಡು ಸರಿ ಉತ್ತರವನ್ನು ಹೊಡೆದುಹಾಕುತ್ತದೆ. ಪುಸ್ತಕ ತಪ್ಪಿರಬಹುದು ಎಂದು ಹದಿನಾಲ್ಕು ವರ್ಷದವರಿಗೆ ಹೊಳೆಯುವುದಿಲ್ಲ ತಾಯಿ.

ಅಷ್ಟಕ್ಕೇ ಮುಗಿಯಲಿಲ್ಲ. ತೋಟದ ಮನೆಯ ಮಗುವಿಗೆ ಸಾವಿರ ಲೀಟರಿನ ಟ್ಯಾಂಕು ತುಂಬಲು ಎಷ್ಟು ಹೊತ್ತು ಬೇಕು ಅಂತ ಚೆನ್ನಾಗಿ ಗೊತ್ತು. ನಾಲ್ಕೂವರೆ ನಿಮಿಷದಲ್ಲಿ ತುಂಬುವ ಮೋಟಾರನ್ನು ಅದು ಕಂಡಿಲ್ಲ. ‘ದಕ್ಷತೆ ಶೇ. 40’ (ಅಂದರೆ ಸಾಮರ್ಥ್ಯದ ನೂರರಲ್ಲಿ 40 ಪಾಲು ಮಾತ್ರ ನೀರೆತ್ತಲು ಸಿಗುತ್ತದೆ) ಎಂಬ ಎರಡು ಪದ ಸೇರಿಸು, ಉತ್ತರ ಹನ್ನೊಂದು ನಿಮಿಷದ ಹತ್ತಿರ ಬರುತ್ತದೆ, ಮಗು ತಲೆಯಾಡಿಸುತ್ತದೆ. ಸೇರಿಸಬೇಕಾದರೆ ದಕ್ಷತೆ ಅಂದರೇನು ಅಂತ ಪಾಠದಲ್ಲಿ ಹೇಳಿರಬೇಕು. ಹೇಳಿಲ್ಲ. ಇನ್ನು ಪಕ್ಕದ ಚಿತ್ರ: ಪಂಪು ಬಾವಿಯ ದಂಡೆಯ ಮೇಲೆ ಕೂತಿದೆ. ದಂಡೆಯ ಮೇಲಿನ ಪಂಪು 20 ಮೀಟರ್ ಕೆಳಗಿನ ನೀರನ್ನು ಹೀರಲಾರದು. ವಾತಾವರಣದ ಒತ್ತಡ ಎತ್ತಿ ಹಿಡಿಯುವುದು ಹೆಚ್ಚೆಂದರೆ ಹತ್ತು ಮೀಟರ್ ಚಿಲ್ಲರೆ ನೀರನ್ನು, ಪಂಪುಗಳು ಅಲ್ಲಿಯವರೆಗೂ ಹೋಗುವುದಿಲ್ಲ. ಒತ್ತಡದ ಪಾಠ ಓದಿದ ಮಗು ನಿನ್ನ ಚಿತ್ರ ನೋಡಿ ಏನು ತಿಳಿಯಬೇಕು? ಸಬ್‌ಮರ್ಸಿಬಲ್ ಅಂತ ಬರಿ, ಚಿತ್ರದಲ್ಲಿ ಮೋಟಾರನ್ನು ನೀರಿನೊಳಕ್ಕೆ ಇಳಿಸು.

6ನೇ ಲೆಕ್ಕದ ಬಸ್ಸು ನಿಂತಲ್ಲಿಂದ 2 ಸೆಕೆಂಡಿನಲ್ಲಿ ಗಂಟೆಗೆ 72 ಕಿ.ಮೀ. ಮುಟ್ಟುತ್ತದೆ. ಏನಮ್ಮಾ ಇದು! 72 ಅಂದರೆ ಸೆಕೆಂಡಿಗೆ 20 ಮೀಟರ್, ವೇಗೋತ್ಕರ್ಷ 10. ಮಹಡಿಯಿಂದ ಬಿದ್ದ ಕಲ್ಲಿನಷ್ಟು. ನಿಂತಿದ್ದ ಪ್ರಯಾಣಿಕರೆಲ್ಲ ಹಿಂದಿನ ಸೀಟಿನಲ್ಲಿ ಗುಡ್ಡೆ ಬೀಳುತ್ತಾರೆ. ಭಾಗಾಕಾರ ಸಲೀಸಾಗಲಿ ಅಂತ ಹಾಗೆ ಮಾಡಿದ್ದೀಯ, ಗೊತ್ತು. 20 ಸೆಕೆಂಡು ಅನ್ನು. ವೇಗೋತ್ಕರ್ಷ 1 ಆಗುತ್ತದೆ, ಭಾಗಾಕಾರ ಇನ್ನೂ ಸಲೀಸು, ಬಸ್ಸೂ ಬಸ್ಸಿನ ಹಾಗಿರುತ್ತದೆ.

ಇವೆಲ್ಲ ಒಂದೇ ಕಡೆಯಿಂದ ಹುಟ್ಟಿದ ತಪ್ಪುಗಳು. ನೀನು ಪಾಠ ಬರೆದು ಮುಗಿಸಿ, ಸುಸ್ತಾಗಿ, ಕೊನೆಯ ಎರಡು ದಿನದಲ್ಲಿ ಲೆಕ್ಕ ಪೋಣಿಸಿದ್ದೀಯ. ಎಲ್ಲರೂ ಹಾಗೇ ಮಾಡುತ್ತಾರೆ. ತಿರುಗಿಸಿ ಮಾಡು. ಪಾಠದ ಒಂದು ವಾಕ್ಯವನ್ನೂ ಬರೆಯುವ ಮೊದಲು 24 ಪ್ರಶ್ನೆ ಬರಿ, ಒಂದೊಂದೂ ಒಂದೊಂದು ರಟ್ಟಿನ ಚೀಟಿಯ ಮೇಲೆ. ಎಂಟು ಒಂದೇ ಹೆಜ್ಜೆಯವು, ಹತ್ತು ಎರಡು ಹೆಜ್ಜೆಯವು, ನಾಲ್ಕು ಹಿಂದಿನ ಪಾಠವನ್ನೂ ಎಳೆದು ತರುವಂಥವು, ಉಳಿದೆರಡರಲ್ಲಿ ಬೇಡದ ಒಂದು ಸಂಖ್ಯೆ ಸೇರಿರಲಿ, ಯಾವುದನ್ನು ಬಿಡಬೇಕೆಂದು ಮಗುವೇ ಆರಿಸಲಿ. ಚೀಟಿಯ ಹಿಂದೆ ಪೂರ್ತಿ ಬಿಡಿಸಿದ ಲೆಕ್ಕ, ಏಕಮಾನ ಸಮೇತ. ಹಿಡಿದ ಸ್ಥಿರಾಂಕ ಯಾವುದು. ಎಷ್ಟು ದಶಮಾಂಶಕ್ಕೆ ನಿಲ್ಲಿಸಿದೆ. ಮತ್ತು ಈ ಲೆಕ್ಕಕ್ಕೆ ಬೇಕಾದ ತಿಳಿವಳಿಕೆ ಪಾಠದ ಯಾವ ಪುಟದಲ್ಲಿ ಸಿಗುತ್ತದೆ. ಕೊನೆಯ ಸಾಲು ಸದ್ಯಕ್ಕೆ ಖಾಲಿ ಇರುತ್ತದೆ, ಪಾಠ ಬರೆಯುತ್ತ ಅದನ್ನು ತುಂಬುವುದು. ತುಂಬಲಾಗದ ಚೀಟಿ ಉಳಿದರೆ ಪಾಠದಲ್ಲಿ ಏನೋ ಬಿಟ್ಟಿದ್ದೀಯ ಅಂತ ಲೆಕ್ಕ. ಪಾಠದ ಒಂದು ಪುಟಕ್ಕೆ ಯಾವ ಚೀಟಿಯೂ ಬರದಿದ್ದರೆ ಆ ಪುಟ ಯಾಕಿದೆ ಅಂತ ಕೇಳಿಕೋ. ನಿನ್ನ 21ರಿಂದ 25ನೇ ಪುಟದವರೆಗೆ ಹಾಗೇ ಇವೆ. ಬಹಳ ಚೆನ್ನಾಗಿ ಬರೆದಿದ್ದೀಯ, ಅದಕ್ಕೇ ತೆಗೆಯಲು ನಿನಗೆ ಮನಸ್ಸಾಗಿಲ್ಲ.

ಒಂದು ವಾರ ಬಿಟ್ಟು ಚೀಟಿಯ ಹಿಂಬದಿ ನೋಡದೆ ಎಲ್ಲವನ್ನೂ ಮತ್ತೆ ಬಿಡಿಸು. ಆಮೇಲೆ ಪಾಠ ಮಾತ್ರ ಓದಿದ ಇನ್ನೊಬ್ಬರಿಂದ ಬಿಡಿಸು. ಅವರು ಭೌತವಿಜ್ಞಾನದ ಮೇಷ್ಟ್ರಾಗಿರಬಾರದು. ಗೊತ್ತಿರುವವರು ನೀನು ಬಿಟ್ಟದ್ದನ್ನು ತಾವೇ ತುಂಬಿಕೊಂಡುಬಿಡುತ್ತಾರೆ. ಸಮಾಜ ಪಾಠ ಮಾಡುವ ಸಹೋದ್ಯೋಗಿ ಸಿಕ್ಕರೆ ಚಿನ್ನ.

ಪದಗಳ ವಿಷಯ ಕೇಳಿದ್ದೀಯ: ‘ಜವ’ (ಇಂಗ್ಲಿಷಿನ ಸ್ಪೀಡ್) ಅಂದರೆ ಮಕ್ಕಳಿಗೆ ತಿಳಿಯುತ್ತದೆಯೇ ಅಂತ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ‘ವಿಜ್ಞಾನ’ ಪತ್ರಿಕೆ ಹೊರಡಿಸಿದ ಕಾಲದಿಂದ ನಾವು ಕನ್ನಡದಲ್ಲಿ ಇಂಥ ಪದಗಳನ್ನು ಕಟ್ಟುತ್ತಲೇ ಇದ್ದೇವೆ, ಜಗಳವಾಡುತ್ತಲೂ ಇದ್ದೇವೆ. ಜವ, ಸಂವೇಗ, ವೇಗೋತ್ಕರ್ಷ ಮಗುವಿಗೆ ಹೊಸವು. ಹೊಸ ಪದದಿಂದ ಅಪಾಯವಿಲ್ಲ, ನೀನು ಕೊಟ್ಟ ಅರ್ಥವನ್ನೇ ಅದು ಹೊರುತ್ತದೆ. ತೊಂದರೆ ಕೊಡುವುದು ಮನೆಯಿಂದಲೇ ಅರ್ಥ ಹೊತ್ತು ಬಂದ ಪದಗಳು: ಕೆಲಸ, ಶಕ್ತಿ, ಬಲ, ತೂಕ. ನಿನ್ನ 3ನೇ ಪ್ರಶ್ನೆಯಲ್ಲಿ ಹಮಾಲ 30 ಕೆ.ಜಿ. ಮೂಟೆ ಹೊತ್ತು ಸಮತಟ್ಟು ನೆಲದ ಮೇಲೆ 20 ಮೀಟರ್ ನಡೆಯುತ್ತಾನೆ, ಗುರುತ್ವದ ಎದುರು ಮಾಡಿದ ಕೆಲಸ ಸೊನ್ನೆ. ಹಮಾಲನ ಮಗ ಅದನ್ನು ಓದುತ್ತಾನೆ ಅನ್ನುವುದು ನೆನಪಿರಲಿ. ಬಲದ ದಿಕ್ಕು ಮೇಲಕ್ಕೆ, ನಡಿಗೆ ಅಡ್ಡಕ್ಕೆ, ಅದಕ್ಕೇ ಈ ಲೆಕ್ಕದಲ್ಲಿ ಸೊನ್ನೆ. ಕತ್ತು ನೋಯುವುದು ಸುಳ್ಳಲ್ಲ, ಸ್ನಾಯು ಒಳಗೇ ಶಕ್ತಿ ಖರ್ಚು ಮಾಡುತ್ತಿರುತ್ತದೆ. ಈ ಎರಡು ವಾಕ್ಯ ಪಾಠದಲ್ಲಿ ಇರಲೇಬೇಕು. ಇನ್ನು ಅಶ್ವಶಕ್ತಿ. ನಮ್ಮ ಪುಸ್ತಕಗಳಲ್ಲಿ ಶಕ್ತಿ ಅಂದರೆ ಜೂಲ್‌ನಲ್ಲಿ ಅಳೆಯುವುದು, ಸಾಮರ್ಥ್ಯ ಅಂದರೆ ವ್ಯಾಟಿನಲ್ಲಿ. ಅಶ್ವಶಕ್ತಿ ಮಾತ್ರ ಹೆಸರಿನಲ್ಲಿ ಶಕ್ತಿ, ಲೆಕ್ಕದಲ್ಲಿ ಸಾಮರ್ಥ್ಯ. ಹೆಸರು ಬದಲಿಸುವುದು ನಿನ್ನ ಕೈಯಲ್ಲಿಲ್ಲ. ಆದರೆ 14ನೇ ಲೆಕ್ಕಕ್ಕೆ ಮುಂಚೆ ಎಲ್ಲಾದರೂ ಅದನ್ನು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ 746ನ್ನು ಮಗು ಜೂಲ್ ಅಂತ ಬರೆದುಕೊಳ್ಳುತ್ತದೆ.

ಡಿಟಿಪಿಗೆ ಕೊಟ್ಟ ಮೇಲೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡ. ಹಳೆಯ ಫಾಂಟಿನಿಂದ ಯೂನಿಕೋಡಿಗೆ ತಿರುಗಿಸುವಾಗ ಘಾತಸಂಖ್ಯೆಗಳು ಕೆಳಗಿಳಿಯುತ್ತವೆ. ಒಂದು ಯೂನಿಟ್ ಕರೆಂಟು 3.6 × 10⁶ ಜೂಲ್ ಅನ್ನುವುದು 3.6 × 106 ಆಗಿ ಅಚ್ಚಾದರೆ, 60 ವ್ಯಾಟಿನ ಬಲ್ಬು ಆರು ಸೆಕೆಂಡು ಉರಿಯುವಷ್ಟರಲ್ಲಿ ಯೂನಿಟ್ ಖಾಲಿ. ಋಣಚಿಹ್ನೆ ಸಾಲಿನ ತುದಿಯಲ್ಲಿ ಉಳಿದು ಸಂಖ್ಯೆ ಕೆಳಗಿನ ಸಾಲಿಗೆ ಹಾರುತ್ತದೆ. ಕನ್ನಡ ಅಂಕಿ ಬಳಸಿದರೆ ೬ ಮತ್ತು ೯ ಅದಲುಬದಲಾಗುವುದನ್ನು, ಸೊನ್ನೆಯ ಜಾಗದಲ್ಲಿ ಅನುಸ್ವಾರ ಕೂರುವುದನ್ನು ಬರೀ ಕಣ್ಣು ಹಿಡಿಯುವುದಿಲ್ಲ. ಕರಡಿನಲ್ಲಿ ಸಂಖ್ಯೆಗಳಿಗೇ ಒಂದು ಪ್ರತ್ಯೇಕ ಸುತ್ತು ಬೇಕು: ಒಬ್ಬರು ಚೀಟಿಯಿಂದ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ಹೋಗಬೇಕು. ಎರಡನೇ ಮುದ್ರಣದಲ್ಲಿ ‘ಹೊಸದಾಗಿ ಕಾಣಲಿ’ ಅಂತ ಪ್ರಶ್ನೆಯ ಸಂಖ್ಯೆ ಬದಲಿಸಿ ಉತ್ತರ ಹಾಗೇ ಬಿಡುವ ಚಾಳಿ ಬಹಳ ಪುಸ್ತಕಗಳಲ್ಲಿದೆ. ಚೀಟಿಗಳನ್ನು ಎಸೆಯಬೇಡ.

ಯಾರಾದರೂ ಭಾಷೆ ಹೊಗಳಿದರೆ ನಮಸ್ಕಾರ ಹೇಳು. ಎಷ್ಟನೇ ಲೆಕ್ಕ ಬಿಡಿಸಿದಿರಿ ಅಂತಲೂ ಕೇಳು. ಆಮೇಲೆ ಮಾತು ತಾನಾಗಿ ಮಳೆ ಬೆಳೆಯ ಕಡೆ ತಿರುಗುತ್ತದೆ.

ಕೊನೆಗೆ 19ನೇದು. ‘20 ಕೆ.ಜಿ. ಪೆಟ್ಟಿಗೆಯನ್ನು ಸಮಜವದಲ್ಲಿ 3 ಮೀಟರ್ ಎತ್ತಲಾಯಿತು. ಆದ ಕೆಲಸ ಎಷ್ಟು?’ ಎತ್ತಿದವರು ಮಾಡಿದ್ದು 588 ಜೂಲ್. ಗುರುತ್ವ ಮಾಡಿದ್ದು −588. ಎರಡೂ ಸೇರಿದರೆ ಸೊನ್ನೆ. ಯಾರು ಮಾಡಿದ ಕೆಲಸ ಎಂದು ನೀನು ಎಲ್ಲೂ ಹೇಳಿಲ್ಲವಾದ್ದರಿಂದ ಮೂರೂ ಸರಿ, ನಿನ್ನ ಉತ್ತರದ ಪುಟದಲ್ಲಿ ಒಂದೇ ಇದೆ. ಈ ಚೀಟಿ ತಿದ್ದಿ ಮೊದಲು ಇದನ್ನೇ ಕಳಿಸು. ಪಾಠ ಆಮೇಲೆ ಬರಲಿ.

ಇಂತಿ,
ನಿನ್ನ ಅಣ್ಣ